ನಾಲ್ಕು ಬಾಯಿ, ಒಂದೇ ಗಂಟಲು

ಸಹಿ ಹಾಕುವುದಿಲ್ಲ ಎಂದು ಅವಳು ಹೇಳಿದಾಗ ಆಡಳಿತಾಧಿಕಾರಿ ಮೊದಲು ನಂಬಲಿಲ್ಲ. ಪೆನ್ನು ಬರೆಯುತ್ತಿಲ್ಲವೇನೋ ಎಂದುಕೊಂಡು ತಮ್ಮ ಜೇಬಿನ ಪೆನ್ನನ್ನೇ ತೆಗೆದು ಚಾಚಿದರು.

"ಪೆನ್ನಿದೆ ಸಾರ್," ಎಂದಳು. "ಮನಸ್ಸಿಲ್ಲ."

ಮೇಜಿನ ಮೇಲಿದ್ದದ್ದು ಒಂದೇ ಹಾಳೆ. ಆಸ್ಪತ್ರೆಗೆ ಎರಡು ಹೊಸ ಸರ್ವರ್‌ಗಳು ಬಂದಿದ್ದವು. ಒಂದು ದುಡಿಯುವುದು, ಇನ್ನೊಂದು ಅದು ಬಿದ್ದರೆ ಎದ್ದು ನಿಲ್ಲುವುದು. ಸ್ಕ್ಯಾನ್ ಕೋಣೆಯಲ್ಲಿ ತೆಗೆದ ಪ್ರತಿಯೊಂದು ಚಿತ್ರವೂ ಈ ಯಂತ್ರಕ್ಕೆ ಬಂದು, ಇಲ್ಲಿಂದ ವಾರ್ಡಿಗೆ, ಆಪರೇಷನ್ ಥಿಯೇಟರಿಗೆ ಹೋಗಬೇಕು. ಹೋಗುವ ದಾರಿಯೆಂದರೆ ಸರ್ವರಿನ ಬೆನ್ನಿಗೆ ಚುಚ್ಚುವ ನೆಟ್‌ವರ್ಕ್ ಕಾರ್ಡು. ಯಾವ ಕಾರ್ಡು ಎಂಬುದನ್ನು ಹಾಳೆಯಲ್ಲಿ ಆಗಲೇ ಟೈಪು ಮಾಡಿದ್ದರು. ಕೇಬಲ್ ಚುಚ್ಚುವ ನಾಲ್ಕು ಪೋರ್ಟಿನದು, ಒಂದೊಂದು ಪೋರ್ಟಿಗೆ ಇಪ್ಪತ್ತೈದು ಗಿಗಾಬಿಟ್, ಒಟ್ಟು ನೂರು. ಪ್ರತಿ ಸರ್ವರಿಗೆ ಒಂದು ಕಾರ್ಡು. ಕೆಳಗೆ 'ಪರಿಶೀಲಿಸಿ ಒಪ್ಪಿದ್ದೇನೆ' ಎಂಬ ಸಾಲು, ಅದರ ಕೆಳಗೆ ಅವಳ ಹುದ್ದೆ: ಸರ್ವರ್ ಕೋಣೆಯ ಉಸ್ತುವಾರಿ.

"ನಾನು ಪರಿಶೀಲಿಸಿದ್ದು ನಿಜ," ಎಂದಳು ಅವಳು. "ಒಪ್ಪಿಲ್ಲ. ಅರ್ಧ ಸಾಲಿಗೆ ಸಹಿ ಹಾಕೋಕೆ ಬರುತ್ತಾ?"

ಆಸ್ಪತ್ರೆಯಲ್ಲಿ ಅವಳಿಗೆ ಇಟ್ಟಿದ್ದ ಹೆಸರು ಉಡ. ಎದುರಿಗೆ ಮೇಡಂ, ಬೆನ್ನ ಹಿಂದೆ ಉಡ. ಹಿಡಿದರೆ ಉಡದ ಪಟ್ಟು, ಬಿಡಿಸಬೇಕೆಂದರೆ ಗೋಡೆಯನ್ನೇ ಕೆಡವಬೇಕು ಅನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಆಡಿದವರಿಗೆ ಅದು ಬೈಗುಳ ಎನಿಸಿತ್ತೇ ಹೊರತು ಅವಳಿಗಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಕೇಬಲ್ ಎಳೆಯುವ ಕೂಲಿಯವರ ಜೊತೆ ಈ ಕಟ್ಟಡಕ್ಕೆ ಕಾಲಿಟ್ಟಿದ್ದಳು. ಮೇಲ್ಛಾವಣಿಯ ಹಲಗೆಗಳ ಸಂದಿಯಲ್ಲಿ ಬೋರಲು ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಪ್ರತಿ ವಾರ್ಡಿನ ಪ್ರತಿ ತಂತಿಯನ್ನೂ ಕೈಯಾರೆ ಎಳೆದಿದ್ದಳು. ಕೂಲಿಯವರು ಕೆಲಸ ಮುಗಿಸಿ ಹೋದರು, ಅವಳು ಉಳಿದಳು. ಕೈಪಿಡಿಗಳನ್ನು ಬೇರೆಯವರು ಕಾದಂಬರಿ ಓದುವ ಹಾಗೆ ಓದಿದಳು. ಹೆಸರಿನ ಮುಂದೆ ಹಾಕಿಕೊಳ್ಳಲು ಡಿಗ್ರಿ ಇರಲಿಲ್ಲ. ಆದರೂ ಒಂದು ದಿನ ಕೋಣೆಯ ಬೀಗದ ಕೈ ಅವಳ ಸೊಂಟಕ್ಕೆ ಬಂತು. ಬೇರೆ ಯಾರಿಗೂ ಆ ಕೋಣೆ ಅರ್ಥವಾಗುತ್ತಿರಲಿಲ್ಲ, ಅಷ್ಟೇ.

ಈ ಕಾರ್ಡಿನ ಆಯ್ಕೆಗೂ ಅವಳು ಮೂರು ವಾರ ಕೊಟ್ಟಿದ್ದಳು. ಏಳು ಕಾರ್ಡುಗಳ ವಿವರ ತರಿಸಿ ಓದಿದ್ದಳು. ಸರ್ವರಿನಲ್ಲಿ ಓಡುವ ತಂತ್ರಾಂಶ ಗುರುತಿಸದ ಎರಡನ್ನು ಮೊದಲೇ ಹೊಡೆದು ಹಾಕಿದಳು. ಸರ್ವರಿನ ಪೆಟ್ಟಿಗೆಯೊಳಗೆ ಹಿಡಿಸದಷ್ಟು ಎತ್ತರದ ಒಂದು ಹೋಯಿತು. ಒಲೆಯ ಹಾಗೆ ಕಾಯುವ ಇನ್ನೊಂದು, ಆ ಇಕ್ಕಟ್ಟಿನ ರ‍್ಯಾಕಿನಲ್ಲಿ ಬೇಸಿಗೆ ಕಳೆಯುವುದಿಲ್ಲ ಎಂದು ಅದನ್ನೂ ಬಿಟ್ಟಳು. ಉಳಿದ ಮೂರರಲ್ಲಿ ಎರಡು ಪೋರ್ಟಿನ ಒಂದನ್ನು ಆರಿಸಿ, ಪ್ರತಿ ಸರ್ವರಿಗೆ ಅಂಥವು ಎರಡು, ಕಾರ್ಡು ಕೂರುವ ಬೇರೆ ಬೇರೆ ಸ್ಲಾಟಿನಲ್ಲಿ, ಎಂದು ಬರೆದು ಕೊಟ್ಟಿದ್ದಳು. ಆ ಕಾಗದ ಎಲ್ಲಿ ಹೋಯಿತೋ. ತಿರುಗಿ ಬಂದದ್ದು ಈ ಹಾಳೆ.

ಹಾಳೆ ಸಿದ್ಧ ಮಾಡಿದವನು ಆಡಳಿತಾಧಿಕಾರಿಯ ಪಕ್ಕದಲ್ಲೇ ಕೂತಿದ್ದ. ಹೊರಗಿನಿಂದ ಕರೆಸಿದ ಸಲಹೆಗಾರ. ಏನು ಕೇಳಿದರೂ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸುತ್ತಿದ್ದುದರಿಂದ ಗುಮಾಸ್ತರು ಅವನಿಗೆ ಸ್ಲೈಡಪ್ಪ ಎಂದು ಹೆಸರಿಟ್ಟಿದ್ದರು. ಒಳ್ಳೆಯ ಇಸ್ತ್ರಿ, ಒಳ್ಳೆಯ ಮಾತು.

"ನೋಡಿ ಮೇಡಂ," ಎಂದ ಅವನು, "ಒಂದೇ ಕಾರ್ಡು, ನಾಲ್ಕು ಪೋರ್ಟು. ಅಚ್ಚುಕಟ್ಟು. ಎರಡನೇ ಸ್ಲಾಟ್ ಖಾಲಿ ಉಳಿಯುತ್ತೆ, ಮುಂದೆ ವಿಸ್ತರಣೆಗೆ ಆಗುತ್ತೆ."

"ಮುಂದಿನ ವರ್ಷದ ನೆಂಟರಿಗೆ ಅಂತ ಇವತ್ತಿನ ತಟ್ಟೆ ಎತ್ತಿಡ್ತೀರಾ?"

"ನೂರು ಗಿಗಾಬಿಟ್ ಬರುತ್ತೆ."

"ಬರಲ್ಲ."

ಆಡಳಿತಾಧಿಕಾರಿ ತಲೆಯೆತ್ತಿದರು. ಆಸ್ಪತ್ರೆಯ ಮಂಡಳಿಯ ಮುಂದೆ ನೂರು ಎಂದು ಹೇಳಿ ಬಂದವರು ಅವರೇ.

"ಆ ಸ್ಲಾಟನ್ನ ನೀವು ನೋಡಿದ್ದೀರಾ?" ಎಂದು ಅವಳು ಸಲಹೆಗಾರನನ್ನು ಕೇಳಿದಳು. "ಹೊರಗಿಂದ ನೋಡಿದ್ರೆ ಹದಿನಾರು ಲೇನಿನ ಉದ್ದ. ಒಳಗೆ ತಂತಿ ಇರೋದು ಎಂಟಕ್ಕೆ. ಕೈಪಿಡಿಯ ನೂರಾ ಹನ್ನೆರಡನೇ ಪುಟದಲ್ಲಿ ಸಣ್ಣಕ್ಷರದಲ್ಲಿದೆ. ಹೆಬ್ಬಾಗಿಲು ಅರಮನೆದು, ಒಳಗೆ ಹೋದ್ರೆ ಓಣಿ. ನಾಲ್ಕೂ ಪೋರ್ಟಿಂದ ಒಟ್ಟಿಗೆ ಬಂದಿದ್ದು ಆ ಓಣಿಯಲ್ಲಿ ಹಿಡಿಯಲ್ಲ. ಅದೂ ಇರಲಿ. ನಾಲ್ಕು ಪೋರ್ಟಿಗೂ ಚಿಪ್ ಒಂದೇ. ನಾಲ್ಕು ಬಾಯಿ, ಒಂದೇ ಗಂಟಲು. ಗಂಟಲು ಕಟ್ಟಿದ್ರೆ ನಾಲ್ಕು ಬಾಯಿ ಇದ್ದು ಏನು ಉಪಯೋಗ?"

"ನೀವು ಎಲ್ಲಿ ಓದಿದ್ದು?" ಎಂದ ಸಲಹೆಗಾರ, ಮೆಲ್ಲಗೆ.

"ಕೈಪಿಡಿಯಲ್ಲಿ. ಹೇಳಿದ್ನಲ್ಲ, ನೂರಾ ಹನ್ನೆರಡನೇ ಪುಟ."

ಅವನು ಕೇಳಿದ್ದು ಅದನ್ನಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಆಡಳಿತಾಧಿಕಾರಿ ಕುರ್ಚಿಯಲ್ಲಿ ಕದಲಿದರು.

"ಸರಿ ಸಾರ್," ಎಂದಳು ಅವಳು, ಹಾಳೆಯನ್ನು ಸಲಹೆಗಾರನ ಕಡೆ ತಿರುಗಿಸಿ. "ಇವರಿಗೆ ಇಷ್ಟು ನಂಬಿಕೆ ಇದೆ. ಇವರೇ ಹಾಕಲಿ ಸಹಿ. ನನ್ನ ಹುದ್ದೆ ಹೊಡೆದು ಇವರ ಹೆಸರು ಬರೀರಿ."

ಸಲಹೆಗಾರ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದ. "ನಮ್ಮದು ಸಲಹೆ ಅಷ್ಟೇ ಮೇಡಂ. ಸಹಿ ಯಾವಾಗಲೂ ಉಸ್ತುವಾರಿಯವರದು."

"ಹಾಗೆ ಹೇಳಿ. ಊಟ ಬಡಿಸೋರು ನೀವು, ಹೊಟ್ಟೆನೋವು ನಂದು."

ಅವಳು ಹಾಳೆಯನ್ನು ಎಳೆದುಕೊಂಡು ಮಗುಚಿ ಹಾಕಿದಳು. ಮುಂಭಾಗದಲ್ಲಿ ಒಪ್ಪದವರಿಗೆ ಜಾಗವೇ ಇರಲಿಲ್ಲ. ಹಿಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ 'ಪರಿಶೀಲಿಸಿದ್ದೇನೆ, ಒಪ್ಪಿಲ್ಲ' ಎಂದು ಬರೆದು, ಎರಡು ಕಾರಣ ಬರೆದು, ತಾರೀಖು ಹಾಕಿ, ಅದರ ಕೆಳಗೆ ಸಹಿ ಮಾಡಿದಳು. ಹಾಳೆಯನ್ನು ಆಡಳಿತಾಧಿಕಾರಿಯ ಮುಂದಕ್ಕೆ ಸರಿಸಿ ಎದ್ದಳು.

ಉಸ್ತುವಾರಿಯ ಸಹಿಯಿಲ್ಲದೆ ಸರ್ವರ್ ಕೋಣೆಗೆ ಒಂದು ಮೊಳೆಯನ್ನೂ ಕೊಳ್ಳಬಾರದು ಎಂಬ ನಿಯಮ ಮಾಡಿದ್ದು ಮಂಡಳಿಯೇ. ಎರಡು ವರ್ಷದ ಹಿಂದಿನ ಒಂದು ಬೆಳಿಗ್ಗೆಯ ನಂತರ ಮಾಡಿದ ನಿಯಮ ಅದು.

ಅಂದು ಹಳೆಯ ಸರ್ವರಿನಲ್ಲಿದ್ದದ್ದೂ ನಾಲ್ಕು ಪೋರ್ಟಿನ ಕಾರ್ಡೇ. ಹತ್ತೂಕಾಲಿಗೆ ಅದರ ಚಿಪ್ ಸತ್ತಿತು. ನಾಲ್ಕು ದೀಪವೂ ಒಟ್ಟಿಗೆ ಆರಿದವು. ಪಕ್ಕದ ಸರ್ವರನ್ನು ಕೈಯಿಂದಲೇ ಎಬ್ಬಿಸಬೇಕಿತ್ತು, ಎಬ್ಬಿಸಲು ಅವಳಿಗೆ ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷ ಮೂರನೆಯ ಮಹಡಿಯ ಥಿಯೇಟರಿನಲ್ಲಿ ಒಬ್ಬ ಮನುಷ್ಯ ಹೊಟ್ಟೆ ತೆರೆದುಕೊಂಡು ಮಲಗಿದ್ದ, ಸರ್ಜನ್ನಿನ ಎದುರಿನ ಪರದೆ ಕಪ್ಪಾಗಿತ್ತು. ನೆಲಮಹಡಿಯ ಸ್ಕ್ಯಾನ್ ಕೋಣೆಯಿಂದ ಚಿತ್ರಗಳನ್ನು ಡಿಸ್ಕಿಗೆ ಇಳಿಸಿಕೊಂಡು ಮೆಟ್ಟಿಲು ಹತ್ತಿ ಓಡಿದವಳು ಅಲ್ಲಿನ ತಂತ್ರಜ್ಞೆ, ಅಂದರೆ ಉಡದ ಸ್ವಂತ ಅಕ್ಕ. ನಾಲ್ಕು ಸಲ ಓಡಿದಳು. ಮೂರನೆಯ ಸಲ ಇಳಿಯುವಾಗ ತಿರುವಿನಲ್ಲಿ ಬಿದ್ದಳು, ಎದ್ದು ನಾಲ್ಕನೆಯ ಸಲ ಹತ್ತಿದಳು. ರೋಗಿ ಬದುಕಿದ. ಅಕ್ಕನ ಬಲ ಮೊಣಕಾಲು ಮಾತ್ರ ಮೊದಲಿನಂತಾಗಲಿಲ್ಲ. ವರದಿಯಲ್ಲಿ 'ತಾಂತ್ರಿಕ ಕಾರಣ' ಎಂದು ಎರಡು ಪದ ಬರೆಸಿದರು. ಬರೆದವಳು ತಂಗಿಯೇ. ಆ ಎರಡು ಪದಗಳಿಗಾಗಿ ತನ್ನ ಮೇಲೆ ತನಗೇ ಇದ್ದ ಸಿಟ್ಟು ಇನ್ನೂ ಆರಿರಲಿಲ್ಲ.

ಅಕ್ಕ ತಂಗಿ ಇರುವುದು ಒಂದೇ ಮನೆಯಲ್ಲಿ. ಕೆಳಗೆ ಅಕ್ಕ ಭಾವ, ಮೇಲೆ ಅವಳು ಒಬ್ಬಳೇ. ಊಟ ಮಾತ್ರ ಕೆಳಗೆ, ಒಟ್ಟಿಗೆ. ಅವಳು ಸಹಿ ಹಾಕದೆ ಬಂದ ಸಂಜೆ ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು. ಅಕ್ಕ ಸಾರಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದ ರೀತಿಯಲ್ಲೇ ಅದು ತಿಳಿಯಿತು.

"ಬರೆದು ಕೊಟ್ಟು ಬಂದ್ಯಂತೆ."

"ಕೊಟ್ಟೆ."

"ಹಿಂದುಗಡೆ ಬರೆದ್ಯಂತೆ."

"ಮುಂದುಗಡೆ ಜಾಗ ಇರ್ಲಿಲ್ಲ ಅಕ್ಕ."

ಭಾವ ನಗು ತಡೆಯಲು ನೀರು ಕುಡಿದರು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಅವರು. ಇಬ್ಬರ ಜಗಳದ ನಡುವೆ ಹಾರ್ನ್ ಮಾಡದೆ ನಿಧಾನವಾಗಿ ದಾಟುವುದನ್ನು ಕಲಿತಿದ್ದರು. "ಅದೇನಮ್ಮ ವಿಷಯ, ನನಗೆ ತಿಳಿಯೋ ಹಾಗೆ ಹೇಳು," ಎಂದರು. ಅವಳು ಹೇಳಿದಳು. ಭಾವ ಅನ್ನ ಕಲಸುತ್ತ ಸ್ವಲ್ಪ ಯೋಚಿಸಿದರು.

"ಅಂದ್ರೆ ನಾಲ್ಕು ಬಾಗಿಲಿನ ಬಸ್ಸು. ಇಂಜಿನ್ ಒಂದೇ. ಇಂಜಿನ್ ಕೆಟ್ರೆ ನಾಲ್ಕೂ ಬಾಗಿಲಿಂದ ಇಳಿದು ನಡೀಬೇಕು."

"ನೋಡು, ಭಾವಂಗೆ ಒಂದು ತುತ್ತು ಬಾಯಿಗಿಡೋದ್ರಲ್ಲಿ ಅರ್ಥ ಆಯ್ತು."

"ಅವರಿಗೆ ಅರ್ಥ ಆದ್ರೆ ಏನು ಬಂತು? ಅವರು ನಿನ್ನ ಸಂಬಳಕ್ಕೆ ಸಹಿ ಹಾಕ್ತಾರಾ?" ಅಕ್ಕ ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು. "ನೀನು ಯಾಕೆ ಹಟ ಹಿಡಿದಿದ್ದೀಯ ಅಂತ ನನಗೆ ಗೊತ್ತು ಕಣೇ. ಅಲ್ಲಿ ಹೋಗಿ ನನ್ನ ಕಥೆ ಹೇಳ್ತೀಯ. ಅಕ್ಕ ಬಿದ್ದಳು, ಅಕ್ಕ ಕುಂಟ್ತಾಳೆ ಅಂತ. ಎಲ್ಲಾರೂ ನನ್ನ ಕಾಲು ನೋಡ್ಬೇಕು. ನನ್ನ ಮೊಣಕಾಲನ್ನ ನಿನ್ನ ಜಗಳಕ್ಕೆ ಬಾವುಟ ಮಾಡ್ಬೇಡ."

ಅವಳ ಕೈಯಲ್ಲಿನ ತುತ್ತು ತಟ್ಟೆಗೆ ಇಳಿಯಿತು. "ಮಾಡಲ್ಲ," ಎಂದಳು. "ನಿನ್ನ ಹೆಸರು ನನ್ನ ಬಾಯಿಂದ ಬರಲ್ಲ. ಸಹಿ ಮಾತ್ರ ಹಾಕಲ್ಲ."

"ನಿನಗೆ ಹೇಳೋದೂ ಒಂದೇ, ಬಂಡೆ ಮೇಲೆ ಮಳೆ ಸುರಿಯೋದೂ ಒಂದೇ," ಎಂದು ಅಕ್ಕ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, ತಂಗಿಯ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದಳು.

ಮಾರನೆಯ ದಿನ ಒಂಬತ್ತು ಗಂಟೆಗೆ ಗುಮಾಸ್ತ ಬಂದು ಬೀಗದ ಕೈ ಕೇಳಿದ. ಅವನ ಮುಖ ಪಾಪ ಅನಿಸುವಂತಿತ್ತು. ಜೊತೆಗೆ ಒಂದು ಚೀಟಿ: ಮುಂದಿನ ಆದೇಶದವರೆಗೆ ನೆಲಮಾಳಿಗೆಯ ಉಗ್ರಾಣದಲ್ಲಿ ಹಳೆಯ ಕೇಬಲ್‌ಗಳನ್ನು ವಿಂಗಡಿಸತಕ್ಕದ್ದು. ಹುದ್ದೆ ಕಿತ್ತುಕೊಂಡಿರಲಿಲ್ಲ, ಕೆಲಸ ಮಾತ್ರ ಬದಲಾಯಿಸಿದ್ದರು. ಹುದ್ದೆ ಕಿತ್ತರೆ ಹೊಸ ಉಸ್ತುವಾರಿಗೆ ಒಂದು ವರ್ಷ ತುಂಬುವವರೆಗೆ ಸಹಿಯ ಅಧಿಕಾರ ಬರುವುದಿಲ್ಲ ಎಂದು ನಿಯಮದ ಮುಂದಿನ ಸಾಲಿನಲ್ಲೇ ಇತ್ತು. ಆ ಸಾಲನ್ನು ಅವರು ಓದಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಕೊಟ್ಟಳು.

"ಒಳಗೆ ಬಲಗಡೆ ಎರಡನೇ ಫ್ಯಾನು ಸ್ವಲ್ಪ ಕೂಗುತ್ತೆ," ಎಂದಳು ಗುಮಾಸ್ತನಿಗೆ. "ಹೆದರ್ಬೇಡಿ, ಕೂಗೋದು ನಿಂತಾಗ ಹೆದರಿ."

ಉಗ್ರಾಣಕ್ಕೆ ಕಿಟಕಿಯಿರಲಿಲ್ಲ. ಮುರಿದ ಗಾಲಿಕುರ್ಚಿಗಳು, ಹಾಸಿಗೆಯ ಕಂಬಿಗಳು, ಅವುಗಳ ಹಿಂದೆ ಎದೆಯೆತ್ತರದ ಕೇಬಲ್ ರಾಶಿ. ಒಂದರೊಳಗೊಂದು ಹೊಕ್ಕು, ಗಂಟಾಗಿ, ಧೂಳು ಹಿಡಿದು ಕೂತಿದ್ದವು. ಶಿಕ್ಷೆ ಕೊಟ್ಟವರು ಅವಳು ಎರಡು ದಿನದಲ್ಲಿ ಸೋತು ಮೇಲೆ ಬರುತ್ತಾಳೆ ಎಂದುಕೊಂಡಿದ್ದರೋ ಏನೋ. ಅವಳು ಒಂದು ಸ್ಟೂಲು ಎಳೆದುಕೊಂಡು ಕೂತು ಮೊದಲ ಗಂಟಿಗೆ ಬೆರಳು ಹಾಕಿದಳು. ಬಿಡಿಸಿದ್ದನ್ನು ಉದ್ದ ಅಳೆದು, ಸುರುಳಿ ಸುತ್ತಿ, ಪಟ್ಟಿ ಕಟ್ಟಿ, ಗೋಡೆಗೆ ಸಾಲಾಗಿ ತೂಗುಹಾಕಿದಳು. ಒಳ್ಳೆಯದು, ಕೆಟ್ಟದ್ದು, ಅನುಮಾನದ್ದು. ಮಧ್ಯಾಹ್ನದ ಬಿಡುವಿನಲ್ಲಿ ಹಾಸಿಗೆಯ ಕಂಬಿಯ ಮೇಲೆ ಕಾಗದ ಹರಡಿಕೊಂಡು, ನಾಲ್ಕು ಪೋರ್ಟಿನ ಕಾರ್ಡನ್ನು ಹೇಗೆ ಪರೀಕ್ಷೆ ಮಾಡಬೇಕೆಂದು ಹಂತ ಹಂತವಾಗಿ ಬರೆದಳು. ಯಾರೂ ಕೇಳಿರಲಿಲ್ಲ. ಕೇಳುವ ದಿನ ಬಂದರೆ ಹುಡುಕುತ್ತ ಕೂರಬಾರದು ಎಂದು ಬರೆದಿಟ್ಟಳು.

ಒಂಬತ್ತನೆಯ ದಿನ ಆಡಳಿತಾಧಿಕಾರಿಯೇ ಮೆಟ್ಟಿಲಿಳಿದು ಬಂದರು. ಗೋಡೆಯುದ್ದಕ್ಕೂ ತೂಗುತ್ತಿದ್ದ ಸುರುಳಿಗಳನ್ನು ನೋಡಿ ಬಾಗಿಲಲ್ಲೇ ನಿಂತರು. ಅವರು ಕೆಟ್ಟ ಮನುಷ್ಯರಲ್ಲ. ನೂರು ಎಂದು ಮಂಡಳಿಗೆ ಹೇಳಿ ಆಗಿತ್ತು, ಹೇಳಿದ ಮಾತು ನುಂಗುವುದು ಅವರಿಗೆ ಬಿಸಿತುಪ್ಪವಾಗಿತ್ತು.

"ನಿಮಗೆ ಏನು ಬೇಕು ಹೇಳಿ," ಎಂದರು. "ಬೆಲೆಯಲ್ಲಿ ಎರಡಕ್ಕೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ದುಡ್ಡು ಉಳಿಸೋ ಪ್ರಶ್ನೆ ಇದ್ದಿದ್ರೆ ನಿಮ್ಮ ಹಟ ನನಗೆ ಅರ್ಥ ಆಗ್ತಿತ್ತು."

"ಪರೀಕ್ಷೆ ಬೇಕು ಸಾರ್. ಮಾರೋರ ಹತ್ರ ಒಂದು ಮಾದರಿ ಕಾರ್ಡು ತರಿಸಿ. ಹೊಸ ಸರ್ವರಿಗೆ ಹಾಕಿ ನೋಡೋಣ. ನೀವೂ ಇರಿ, ಅವರೂ ಇರಲಿ."

"ಸೋತರೆ ಸಹಿ ಹಾಕ್ತೀರಾ?"

"ಸೋತ್ರೆ ಹಾಳೆ ತಿರುಗಿಸಿ ಮುಂಭಾಗದಲ್ಲೇ ಹಾಕ್ತೀನಿ. ಗೆದ್ರೆ ನೀವೇನು ಮಾಡ್ತೀರಿ?"

"ನೋಡೋಣ," ಎಂದು ಹೋದರು.

ಪರೀಕ್ಷೆ ಬುಧವಾರ ಹನ್ನೊಂದು ಗಂಟೆಗೆ. ಸರ್ವರ್ ಕೋಣೆಯಲ್ಲಿ ನಾಲ್ಕು ಜನ ಹಿಡಿಸುವುದೇ ಕಷ್ಟ. ರ‍್ಯಾಕುಗಳ ಬಿಸಿಗಾಳಿ ಒಂದು ಕಡೆಯಿಂದ, ಏಸಿಯ ತಣ್ಣನೆ ಗಾಳಿ ಇನ್ನೊಂದು ಕಡೆಯಿಂದ. ಸಲಹೆಗಾರ ತಣ್ಣನೆಯ ಕಡೆ ನಿಂತ. ಕಾರ್ಡು ಮಾರುವ ಸಂಸ್ಥೆಯವನು ಒಂದು ಪೆಟ್ಟಿಗೆ ತಂದಿದ್ದ. ಪೋರ್ಟುಗಳಿಗೆ ಬೇಕಾದಷ್ಟು ಡೇಟಾ ಸುರಿದು, ಎಷ್ಟು ಒಳಗೆ ಹೋಯಿತೆಂದು ಅಳೆಯುವ ಪೆಟ್ಟಿಗೆ. ಕಾರ್ಡನ್ನು ಸ್ಲಾಟಿಗೆ ಚುಚ್ಚಿದ್ದೂ ಅವನೇ. ಅವಳು ಬೇಕೆಂದೇ ಮುಟ್ಟಲಿಲ್ಲ. ಆಮೇಲೆ ನನ್ನ ಕೈಗುಣ ಅನ್ನಬಾರದಲ್ಲ.

ಒಂದು ಪೋರ್ಟಿಗೆ ಸುರಿದಾಗ ಇಪ್ಪತ್ಮೂರು ತೋರಿಸಿತು. ಎರಡಕ್ಕೆ ನಲವತ್ತಾರು. ಸಲಹೆಗಾರ ಆಡಳಿತಾಧಿಕಾರಿಯ ಕಡೆ ನೋಡಿ ತಲೆಯಾಡಿಸಿದ. ಮೂರನೆಯ ಪೋರ್ಟು ತೆರೆದರು. ಐವತ್ತಾರು. ನಾಲ್ಕನೆಯದು ತೆರೆದರು. ಐವತ್ತಾರು.

ಪೆಟ್ಟಿಗೆಯವನು ಒಮ್ಮೆ ನಿಲ್ಲಿಸಿ ಮತ್ತೆ ಶುರುಮಾಡಿದ. ಐವತ್ತಾರು. ಕೇಬಲ್ ಬದಲಾಯಿಸಿದ. ಐವತ್ತಾರು.

"ನೂರಾ ಹನ್ನೆರಡನೇ ಪುಟ," ಎಂದಳು ಅವಳು.

"ಆದ್ರೆ," ಎಂದ ಸಲಹೆಗಾರ, ಬೇಗ ಸುಧಾರಿಸಿಕೊಂಡು, "ನಿಮ್ಮ ಆಸ್ಪತ್ರೆಗೆ ಐವತ್ತಾರು ಸಾಲದಾ? ಈಗ ಬಳಸ್ತಿರೋದು ಇಪ್ಪತ್ತೂ ಇಲ್ಲ."

ಆಡಳಿತಾಧಿಕಾರಿಯ ಮುಖ ಸ್ವಲ್ಪ ತಿಳಿಯಾಯಿತು. ಅವಳು ಒಪ್ಪಿಕೊಂಡದ್ದು ಇಬ್ಬರಿಗೂ ಅನಿರೀಕ್ಷಿತವಾಗಿತ್ತು.

"ಸಾಕು," ಎಂದಳು. "ವೇಗ ನನ್ನ ಜಗಳ ಅಲ್ಲ. ನೂರು ಅಂತ ಬರೆದು ಐವತ್ತಾರು ಕೊಡೋದು ಸುಳ್ಳು, ಆದ್ರೆ ಸಣ್ಣ ಸುಳ್ಳು. ಇದನ್ನ ನೋಡಿ." ಅವಳು ಕೀಲಿಮಣೆಯ ಮುಂದೆ ಬಗ್ಗಿ ಒಂದು ಸಾಲು ಬರೆದಳು, ಆ ಸ್ಲಾಟಿನ ವಿದ್ಯುತ್ತನ್ನು ನಿಲ್ಲಿಸುವ ಆಜ್ಞೆ. ಸರ್ವರಿನ ಬೆನ್ನಲ್ಲಿ ಮಿನುಗುತ್ತಿದ್ದ ನಾಲ್ಕು ಹಸಿರು ದೀಪಗಳು ಒಟ್ಟಿಗೆ ಆರಿದವು. ಪೆಟ್ಟಿಗೆ ಸೊನ್ನೆ ತೋರಿಸಿತು.

"ಎರಡು ಕಾರ್ಡಿದ್ರೆ ಈಗ ಎರಡು ದೀಪ ಉರೀತಿತ್ತು. ಕೆಲಸ ನಿಲ್ತಿರಲಿಲ್ಲ."

"ಕಾರ್ಡ್ ಸಾಯೋದು ಲಕ್ಷಕ್ಕೊಂದು ಮೇಡಂ. ಸತ್ತರೂ ಪಕ್ಕದ ಸರ್ವರ್ ತಾನಾಗಿ ಎದ್ದು ನಿಲ್ಲುತ್ತೆ. ಈಗ ಎಲ್ಲ ಸ್ವಯಂಚಾಲಿತ. ನಾಲ್ಕು ನಿಮಿಷ ಸಾಕು."

"ನಾಲ್ಕು ನಿಮಿಷ," ಎಂದು ಆಡಳಿತಾಧಿಕಾರಿ ಅಂದುಕೊಂಡರು, ಅದು ಹೆಚ್ಚೇ ಕಡಿಮೆಯೇ ತೂಗುವವರಂತೆ. "ನಲವತ್ತರಿಂದ ನಾಲ್ಕು. ಅದು ಸುಧಾರಣೆ ತಾನೇ?"

ಇಲ್ಲಿ ಹೇಳಬೇಕಾದ ಮಾತು ಅವಳ ನಾಲಗೆಯ ತುದಿಯಲ್ಲಿತ್ತು. ಎರಡೇ ವಾಕ್ಯ ಸಾಕಿತ್ತು. ಮೆಟ್ಟಿಲು, ತಿರುವು, ಡಿಸ್ಕು. ಅವಳು ಕೆಳತುಟಿಯನ್ನು ಹಲ್ಲಲ್ಲಿ ಹಿಡಿದುಕೊಂಡು ನಿಂತಳು. ಕೊಟ್ಟ ಮಾತು ಮಾತೇ.

ಆಗ ಬಾಗಿಲು ತಳ್ಳಿದ ಸದ್ದಾಯಿತು. ಸ್ಕ್ಯಾನ್ ಕೋಣೆಯ ಭಾರದ ಸೀಸದ ಏಪ್ರನ್ನನ್ನು ಬಿಚ್ಚದೆಯೇ ಅಕ್ಕ ಬಂದಿದ್ದಳು. ಎರಡು ಮಹಡಿ ಹತ್ತಿ ಉಸಿರು ಮೇಲಾಗಿತ್ತು. ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತಳು.

"ಕೆಳಗೆ ಇಬ್ಬರು ಪೇಶೆಂಟ್ ಕಾಯ್ತಿದ್ದಾರೆ, ಬೇಗ ಹೇಳಿ ಹೋಗ್ತೀನಿ," ಎಂದಳು ಆಡಳಿತಾಧಿಕಾರಿಗೆ. "ನನ್ನನ್ನ ಇವಳು ಕರೆದಿಲ್ಲ. ಬರ್ಬೇಡ ಅಂತ ನಾನೇ ನನಗೆ ಎರಡು ವಾರದಿಂದ ಹೇಳ್ಕೊಂಡಿದ್ದೆ. ಆವತ್ತು ಚಿತ್ರ ತಗೊಂಡು ಥಿಯೇಟರಿಗೆ ಓಡಿದ್ದು ನಾನು. ನಾಲ್ಕನೇ ಸಲ ಹೋದಾಗ ಸರ್ಜನ್ ಎರಡೂ ಕೈ ಎದೆ ಹತ್ರ ಹಿಡ್ಕೊಂಡು ಗೋಡೆ ನೋಡ್ತಾ ನಿಂತಿದ್ರು. ನಲವತ್ತು ವರ್ಷ ಅನುಭವ ಇರೋ ಮನುಷ್ಯ. ನನಗೆ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. 'ಇನ್ನೆಷ್ಟು ಹೊತ್ತಮ್ಮ' ಅಂತ ಕೇಳಿದ್ರು, ಮಕ್ಕಳು ಕೇಳೋ ಹಾಗೆ. ನನಗೆ ಉತ್ತರ ಗೊತ್ತಿರಲಿಲ್ಲ."

ಬಲಗಡೆಯ ಎರಡನೇ ಫ್ಯಾನು ಕೂಗುತ್ತಿತ್ತು.

"ನಾಲ್ಕು ನಿಮಿಷ ಅಂದ್ರಿ," ಎಂದಳು ಅಕ್ಕ ಸಲಹೆಗಾರನಿಗೆ. ದನಿ ಏರಲಿಲ್ಲ. "ಒಳ್ಳೇದೇ. ನಲವತ್ತಕ್ಕಿಂತ ಒಳ್ಳೇದು. ಆದ್ರೆ ನಿಲ್ಲದೇ ಇರೋ ದಾರಿ ಒಂದು ಅದೇ ಬೆಲೆಗೆ ಸಿಗುವಾಗ, ಆ ನಾಲ್ಕು ನಿಮಿಷ ಯಾರಿಗೋಸ್ಕರ ಇಟ್ಕೋಬೇಕು? ಅದು ನನಗೆ ತಿಳೀಲಿಲ್ಲ. ಓದಿದವರು ನೀವು, ಹೇಳಿ."

ಅಕ್ಕ ಉತ್ತರಕ್ಕೆ ಕಾಯದೆ ಏಪ್ರನ್ ಸರಿಮಾಡಿಕೊಂಡು ಹೊರಟಳು. ಅವಳು ಕಾರಿಡಾರಿನಲ್ಲಿ ನಡೆದು ಹೋಗುವುದನ್ನು ಎಲ್ಲರೂ ನೋಡಿದರು. ನೋಡಲಿ ಎಂದೇ ಅವಳು ಗೋಡೆ ಹಿಡಿಯದೆ, ಅವಸರವಿಲ್ಲದೆ, ನಡುವಿನಲ್ಲೇ ನಡೆದಳು.

ಆಡಳಿತಾಧಿಕಾರಿ ಕನ್ನಡಕ ತೆಗೆದು ಒರೆಸಿದರು. "ಎರಡು ಕಾರ್ಡು ಅಂತ ಬದಲಾಯಿಸಿದ್ರೆ ಮಂಡಳಿಗೆ ಏನಂತ ಹೇಳ್ಲಿ?"

"ನಿಜ ಹೇಳಿ ಸಾರ್. ಕೇಳಿ ತುಂಬ ದಿನ ಆಗಿರುತ್ತೆ ಅವರಿಗೆ."

ಅವರಿಗೆ ನಗು ಬಂತು, ಆದರೆ ಮುಖದ ಮೇಲೆ ತೋರಗೊಡಲಿಲ್ಲ.

ಹೊಸ ಹಾಳೆ ಶುಕ್ರವಾರ ಬಂತು. ಪ್ರತಿ ಸರ್ವರಿಗೆ ಎರಡು ಪೋರ್ಟಿನ ಎರಡು ಕಾರ್ಡು, ಅವಳು ಮೊದಲು ಬರೆದುಕೊಟ್ಟಿದ್ದ ಮಾದರಿಯೇ. ಕೆಳಗೆ 'ಸಲಹೆಗಾರರ ಶಿಫಾರಸಿನಂತೆ' ಎಂದು ಟೈಪಾಗಿತ್ತು. ಅವಳು ಅದನ್ನು ಓದಿ, ಆ ಎರಡು ಪದಗಳ ಮೇಲೆ ನೇರವಾಗಿ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ, ಆಮೇಲೆ ಕೆಳಗೆ ದೊಡ್ಡ ಸಹಿ ಹಾಕಿದಳು. ಬೀಗದ ಕೈ ವಾಪಸು ಬಂತು. ಅದರ ಜೊತೆಗೇ ಒಂದು ಲಕೋಟೆಯೂ ಬಂತು. ಅಧಿಕೃತ ದಾಖಲೆಯ ಹಿಂಭಾಗದಲ್ಲಿ ಬರೆದದ್ದು ಅಶಿಸ್ತು, ಒಂದು ಸಾಲಿನ ಕ್ಷಮಾಪಣೆ ಬರೆದುಕೊಟ್ಟರೆ ವಿಷಯ ಮುಗಿಯುತ್ತದೆ ಎಂದಿತ್ತು.

"ಬರೆದು ಬಿಸಾಕು," ಎಂದರು ಭಾವ. "ಒಂದು ಸಾಲು ತಾನೇ."

ಅಕ್ಕ ಬಟ್ಟೆ ಮಡಿಸುತ್ತಿದ್ದಳು. ತಂಗಿಯ ಮುಖವನ್ನೇ ಒಂದು ಕ್ಷಣ ನೋಡಿದಳು. "ಬರೀಬೇಡ," ಎಂದಳು. "ಏನಂತ ಬರೀತೀಯ? ಸರಿ ಹೇಳಿದ್ದಕ್ಕೆ ತಪ್ಪಾಯ್ತು ಅಂತಾನಾ?"

ಭಾವ ಹಣೆ ಚಚ್ಚಿಕೊಂಡರು. "ಮನೇಲಿ ಒಂದು ಉಡ ಇದೆ ಅಂದ್ಕೊಂಡಿದ್ದೆ," ಎಂದು ಗೊಣಗಿದರು.

ಕ್ಷಮಾಪಣೆ ಅವಳು ಬರೆಯಲಿಲ್ಲ. ಲಕೋಟೆ ಬಂದದ್ದಕ್ಕೆ ಸ್ವೀಕೃತಿ ಮಾತ್ರ ಕೊಟ್ಟಳು. ಕಡತ ಮುಚ್ಚಲಿಲ್ಲ. ಎರಡು ಸಲ ನೆನಪೋಲೆ ಬಂತು, ಆ ವರ್ಷ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಗುಮಾಸ್ತ ಕೇಳಿದಾಗ, "ಆ ಕಡತಕ್ಕೆ ಹಸಿವಾದ್ರೆ ಇನ್ನೂ ಕಾಗದ ಹಾಕಿ, ನನ್ನ ಕೈಯಿಂದ ಏನೂ ಬರಲ್ಲ," ಎಂದಳು. ಒಳಗೊಳಗೆ ನೋವಾಗಲಿಲ್ಲವೆಂದಲ್ಲ. ಒಬ್ಬಳೇ ಮೆಟ್ಟಿಲು ಹತ್ತಿ ಮಹಡಿಗೆ ಹೋಗುವಾಗ ಕೆಲವು ಸಂಜೆ ಆ ಬಡ್ತಿ ನೆನಪಾಗುತ್ತಿತ್ತು. ಆದರೆ ಆ ನೋವಿಗೂ 'ತಾಂತ್ರಿಕ ಕಾರಣ' ಎಂದು ಬರೆದ ದಿನದ ನೋವಿಗೂ ಹೋಲಿಕೆಯಿರಲಿಲ್ಲ. ಇದನ್ನು ಮೈಮೇಲೆ ಹೊತ್ತು ನಡೆಯಬಹುದಿತ್ತು.

ಕಾರ್ಡುಗಳು ಬಂದವು. ಅವಳೇ ಕೂರಿಸಿದಳು. ಮೈಯ ಸ್ಥಿರವಿದ್ಯುತ್ತು ಕಾರ್ಡಿಗೆ ತಾಗದಂತೆ ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಂಡು, ಅಂಚನ್ನು ಮಾತ್ರ ಹಿಡಿದು, ಸ್ಲಾಟಿಗೆ ಒತ್ತಿದಾಗ ಕಟ್ ಎಂದು ಕೂತವು. ಕೇಬಲ್‌ಗಳಿಗೆ ನೀಲಿ, ಹಳದಿ ಎಂದು ಎರಡು ಬಣ್ಣದ ಪಟ್ಟಿ ಕಟ್ಟಿದಳು, ಒಂದು ಕಾರ್ಡಿಗೆ ಒಂದು ಬಣ್ಣ. ಹತ್ತು ದಿನ ಪರೀಕ್ಷೆ ನಡೆಸಿ, ಹನ್ನೊಂದನೆಯ ದಿನ ಸ್ಕ್ಯಾನ್ ಕೋಣೆಯನ್ನು ಹೊಸ ಸರ್ವರಿಗೆ ಹಾಯಿಸಿದಳು.

ಮರುವಾರದ ಒಂದು ಮಧ್ಯಾಹ್ನ, ಥಿಯೇಟರುಗಳು ಖಾಲಿಯಿದ್ದ ಹೊತ್ತು ನೋಡಿ, ಅವಳು ಸರ್ವರಿನ ಹಿಂದೆ ನಿಂತು ಅಕ್ಕನಿಗೆ ಫೋನು ಮಾಡಿದಳು.

"ಒಂದು ಚಿತ್ರ ತೆಗೆದು ಇಡು. ಹಳೇವನ್ನೂ ಒಂದೊಂದೇ ತೆರೀತಾ ಇರು. ನಿಲ್ಲಿಸ್ಬೇಡ."

"ಏನು ಮಾಡ್ತೀಯ?"

"ಒಂದು ಕಾರ್ಡು ಸಾಯಿಸ್ತೀನಿ."

ಅಕ್ಕ ಕುರ್ಚಿ ಎಳೆದುಕೊಂಡ ಸದ್ದು ಫೋನಿನಲ್ಲಿ ಕೇಳಿಸಿತು. "ಸಾಯಿಸು," ಎಂದಳು.

ಅವಳು ನೀಲಿ ಪಟ್ಟಿಯ ಎರಡು ಕೇಬಲ್‌ಗಳನ್ನು ಒಂದಾದ ಮೇಲೊಂದು ಕಿತ್ತಳು. ಎರಡು ದೀಪ ಆರಿದವು, ಎರಡು ಉರಿಯುತ್ತಲೇ ಇದ್ದವು. ಫೋನಿನಲ್ಲಿ ಮೌಸಿನ ಗುಂಡಿ ಒತ್ತುವ ಸದ್ದು, ಮತ್ತೆ ಇನ್ನೊಂದು, ಮತ್ತೊಂದು.

"ಏನಾಯ್ತು?" ಎಂದಳು ಅವಳು.

"ಏನೂ ಆಗಿಲ್ಲ ಕಣೇ. ಶುರು ಮಾಡಿದ್ಯಾ?"

"ಕಿತ್ತಾಯ್ತು."

ಆ ಕಡೆ ಮೌಸಿನ ಸದ್ದು ಇನ್ನೆರಡು ಸಲ ಬಂತು. ಅಕ್ಕ ಪರದೆಯನ್ನು ನೋಡುತ್ತ ಕೂತಿರಬೇಕು. "ಸರಿ, ಹಾಕು ವಾಪಸ್. ಇನ್ನೊಂದನ್ನೂ ನೋಡೋಣ. ಒಂದಕ್ಕೇ ನಂಬೋಳಲ್ಲ ನಾನು."

ಅವಳು ನೀಲಿ ಕೇಬಲ್‌ಗಳನ್ನು ಮತ್ತೆ ಚುಚ್ಚಿ, ದೀಪ ಹತ್ತುವುದನ್ನು ಕಾದು, ಹಳದಿ ಪಟ್ಟಿಗೆ ಕೈ ಹಾಕಿದಳು.